ಆಡೆನ್ಸ್ ಕೋಲ್ ಚಾರಣ: ಹಿಮನದಿಯ ಇಳಿಜಾರಿನಲ್ಲಿ ಪಾಲಿಸಬೇಕಾದ ಮುನ್ನೆಚ್ಚರಿಕೆಗಳು

ಸ್ಥಳ ಪರಿಚಯ

ಉತ್ತರಾಖಂಡ ರಾಜ್ಯದ ಗಢವಾಲ ಹಿಮಾಲಯದಲ್ಲಿ, ಗಂಗೋತ್ರಿ-3 ಮತ್ತು ಜೋಗಿನ್-1 ಶಿಖರಗಳ ನಡುವೆ ಇರುವ ಕಣಿವೆಮಾರ್ಗವೇ ಆಡೆನ್ಸ್ ಕೋಲ್. ಇದರ ಎತ್ತರ ಸುಮಾರು 5,490 ಮೀಟರ್. 1939ರಲ್ಲಿ ಇದನ್ನು ದಾಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂವಿಜ್ಞಾನಿ ಜಾನ್ ಬಿ. ಆಡೆನ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ.

ಮಾರ್ಗ

ಚಾರಣವು ಗಂಗೋತ್ರಿಯಿಂದ ಆರಂಭವಾಗಿ ರುದುಗೈರಾ ಕಣಿವೆಯ ಮೂಲಕ ಮೇಲೇರುತ್ತದೆ. ಕಣಿವೆಮಾರ್ಗ ದಾಟಿದ ನಂತರ ದಕ್ಷಿಣಕ್ಕೆ, ಭಿಲಂಗನಾ ನದಿಯ ಉಗಮಸ್ಥಾನವಾದ ಖಟ್ಲಿಂಗ್ ಹಿಮನದಿಗೆ ಇಳಿಯಬೇಕು. ಅಲ್ಲಿಂದ ಮುಂದೆ ಮಯಾಲಿ ಕಣಿವೆಮಾರ್ಗ ಮತ್ತು ವಾಸುಕಿ ತಾಲ್ ಮೂಲಕ ಕೇದಾರನಾಥವನ್ನು ತಲುಪಬಹುದು.

ಇಳಿಜಾರಿನ ಅಪಾಯಗಳು

ಈ ಚಾರಣದಲ್ಲಿ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಅಪಾಯಕಾರಿ. ಕಡಿದಾದ ಹಿಮದ ಇಳಿಜಾರು ಮುಗಿದ ಕೂಡಲೇ ಆಳವಾದ ಬಿರುಕುಗಳಿರುವ ಹಿಮನದಿ ಎದುರಾಗುತ್ತದೆ. ಹಿಮನದಿಯು ನಿಧಾನವಾಗಿ ಚಲಿಸುತ್ತಿರುವುದರಿಂದ ಅದರ ಮಂಜುಗಡ್ಡೆ ಸೀಳಿ ಈ ಬಿರುಕುಗಳು ಉಂಟಾಗುತ್ತವೆ. ಮೇ-ಜೂನ್ ತಿಂಗಳುಗಳಲ್ಲಿ ಅವುಗಳ ಬಾಯಿಯನ್ನು ಹಿಮವು ಮುಚ್ಚಿರುವುದರಿಂದ ಕಣ್ಣಿಗೆ ಕಾಣಿಸುವುದಿಲ್ಲ. ಸೆಪ್ಟೆಂಬರ್ ವೇಳೆಗೆ ಕಾಣಿಸುತ್ತವಾದರೂ, ಅಗಲವಾಗಿ ತೆರೆದುಕೊಂಡಿರುವುದರಿಂದ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಬಿಸಿಲೇರಿದಂತೆ ಮೇಲಿನ ಹಿಮದ ಹೊದಿಕೆ ಮೆತ್ತಗಾಗಿ, ಕಾಲಿಟ್ಟೊಡನೆ ಕುಸಿಯುವ ಸಂಭವವಿರುತ್ತದೆ.

ಪಾಲಿಸಬೇಕಾದ ಕ್ರಮಗಳು

• ಹಿಮ ಗಟ್ಟಿಯಾಗಿರುವ ನಸುಕಿನಲ್ಲಿ ಹೊರಟು, ಮಧ್ಯಾಹ್ನಕ್ಕೆ ಮುನ್ನ ಬಿರುಕುಗಳಿರುವ ಭಾಗವನ್ನು ದಾಟಬೇಕು.
• ಹೊರೆಯಾಳುಗಳೂ ಸೇರಿದಂತೆ ಎಲ್ಲರೂ ಒಂದೇ ಹಗ್ಗಕ್ಕೆ ಮೂರರಿಂದ ಐದು ಮಂದಿಯಂತೆ ಕಟ್ಟಿಕೊಂಡು, ಪರಸ್ಪರ ಅಂತರ ಕಾಯ್ದುಕೊಂಡು ನಡೆಯಬೇಕು. ಹಗ್ಗ ಸಡಿಲವಾಗಿ ನೆಲಕ್ಕೆ ಜೋತುಬಿದ್ದರೆ, ಬಿದ್ದವರನ್ನು ತಡೆಯುವುದು ಕಷ್ಟ.
• ಮುಂದಾಳು ಪ್ರತಿ ಹೆಜ್ಜೆಗೂ ಹಿಮವನ್ನು ಕೋಲಿನಿಂದ ಚುಚ್ಚಿ ಪರೀಕ್ಷಿಸಬೇಕು.
• ಕ್ರ್ಯಾಂಪಾನ್, ಹಿಮಕೊಡಲಿ, ಹಾರ್ನೆಸ್, ಹೆಲ್ಮೆಟ್ ಹಾಗೂ ಕಪ್ಪು ಕನ್ನಡಕ ಪ್ರತಿಯೊಬ್ಬರಲ್ಲೂ ಇರತಕ್ಕದ್ದು. ಹೊರೆಯಾಳುಗಳಿಗೆ ಇವುಗಳನ್ನು ಒದಗಿಸುವುದು ತಂಡದ ಹೊಣೆ.
• ಬಿರುಕಿಗೆ ಬಿದ್ದವರನ್ನು ಮೇಲೆತ್ತುವ ತರಬೇತಿ ಪಡೆದವರು ತಂಡದಲ್ಲಿ ಇರಲೇಬೇಕು. ಉತ್ತರಕಾಶಿಯಲ್ಲಿ 1965ರಲ್ಲಿ ಸ್ಥಾಪನೆಯಾದ ನೆಹರು ಪರ್ವತಾರೋಹಣ ಸಂಸ್ಥೆಯು ಪರ್ವತಾರೋಹಣ ತರಬೇತಿ ನೀಡುತ್ತದೆ.
• 3,000 ಮೀಟರಿಗಿಂತ ಮೇಲೆ, ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ತಲೆನೋವು, ವಾಂತಿ ಕಂಡುಬಂದರೆ ಮೇಲೇರುವುದನ್ನು ನಿಲ್ಲಿಸಬೇಕು. ಹೆಚ್ಚಾದರೆ ಕೂಡಲೇ ಕೆಳಗಿಳಿಸಬೇಕು.

ಹಿಂದಿರುಗುವ ನಿರ್ಧಾರ

ಖಟ್ಲಿಂಗ್ ಕಡೆಗೆ ಇಳಿದ ಮೇಲೆ ಮತ್ತೆ ಹತ್ತಿ ಹಿಂದಿರುಗುವುದು ಬಹು ಕಷ್ಟ. ಆದ್ದರಿಂದ ಹವಾಮಾನ ಕೆಟ್ಟಿದ್ದಲ್ಲಿ, ಅಥವಾ ತಂಡದಲ್ಲಿ ಒಬ್ಬರಾದರೂ ಅಸ್ವಸ್ಥರಾಗಿದ್ದಲ್ಲಿ, ಕಣಿವೆಮಾರ್ಗ ದಾಟುವ ಮುನ್ನವೇ ಗಂಗೋತ್ರಿಗೆ ಮರಳಬೇಕು.

ಕರ್ನಾಟಕದ ಚಾರಣಿಗರ ಗಮನಕ್ಕೆ

2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ತೆರಳಿದ್ದ ಕರ್ನಾಟಕದ 9 ಮಂದಿ ಹಿಮಗಾಳಿಗೆ ಸಿಲುಕಿ ಮೃತಪಟ್ಟರು. ಆಡೆನ್ಸ್ ಕೋಲ್ ಅದಕ್ಕಿಂತಲೂ ಎತ್ತರವಾದ ಹಾಗೂ ಕಠಿಣವಾದ ಮಾರ್ಗವಾಗಿದೆ. ಹಿಮಪ್ರದೇಶದ ಅನುಭವವಿಲ್ಲದವರು ಇದನ್ನು ಮೊದಲ ಚಾರಣವಾಗಿ ಆರಿಸಿಕೊಳ್ಳಬಾರದು. ಹೊರಡುವ ಮುನ್ನ ಸ್ಥಳೀಯ ಅರಣ್ಯ ಇಲಾಖೆಯಿಂದ ಅನುಮತಿ ಪಡೆದು, ತಂಡದ ಸದಸ್ಯರ ಪಟ್ಟಿ ಹಾಗೂ ಹಿಂದಿರುಗುವ ದಿನಾಂಕವನ್ನು ಜಿಲ್ಲಾಡಳಿತಕ್ಕೂ ಮನೆಯವರಿಗೂ ತಿಳಿಸತಕ್ಕದ್ದು.