ಕೊಟ್ಟವರ ಹೆಸರು

ಚನ್ನಗಿರಿಯ ಸೂಳೆಕೆರೆಯನ್ನು ಕುರಿತು ಜನರ ಬಾಯಲ್ಲಿ ಹರಿದುಬಂದ ಕಥೆಯಲ್ಲಿ, ಕೆರೆಯನ್ನು ಕಟ್ಟಿಸಿದ ರಾಜಪುತ್ರಿ ಶಾಂತವ್ವೆಗಿಂತಲೂ ಅದಕ್ಕೆ ನೆಲವನ್ನು ಬಿಟ್ಟುಕೊಟ್ಟ ವಾರಾಂಗನೆಯರೇ ನನಗೆ ಹೆಚ್ಚು ವಿಚಾರಾರ್ಹರಾಗಿ ತೋರುತ್ತಾರೆ. ಏಕೆಂದರೆ ತಮ್ಮ ನೆಲೆಯನ್ನು ನೀರಿಗೊಪ್ಪಿಸುವಾಗ ಅವರು ಬೇಡಿದುದು ಹೊನ್ನನ್ನಲ್ಲ, ಪುಣ್ಯವನ್ನೂ ಅಲ್ಲ, ಕೆರೆಗೆ ತಮ್ಮ ಹೆಸರು ನಿಲ್ಲಬೇಕೆಂಬುದೊಂದನ್ನು. ಶಾಂತಿಸಾಗರವೆಂಬ ಸಭ್ಯನಾಮವು ಕಾಗದಪತ್ರಗಳನ್ನು ಸೇರಿದ ಮೇಲೆಯೂ ಊರವರು ಆ ಕರಾರನ್ನು ಮುರಿದಿಲ್ಲ.

ಹೆಸರಿನ ಈ ಹಂಬಲವನ್ನು ನಮ್ಮ ಪ್ರಾಚೀನರು ಅಲ್ಪವೆಂದು ಬಗೆಯಲಿಲ್ಲ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, ದಾನಿಗಳ ಹೆಸರನ್ನು ಹೊತ್ತ ಚನ್ನಗಿರಿ, ಹೊನ್ನಾಳಿಗಳ ಶಾಸನಗಳಿವೆ. ಇಂತಹ ಹಳೆಯ ದತ್ತಿಶಾಸನಗಳ ಕ್ರಮವನ್ನು ನೋಡಿದರೆ, ಭೂಮಿಯನ್ನು ಕೊಡುವಾತ ಎಂತಹ ಮಂಡಲೇಶ್ವರನಾಗಿರಲಿ, ಪಡೆಯುವ ಆಚಾರ್ಯನ ಕಾಲನ್ನು ತೊಳೆದು, ಕೈಮೇಲೆ ನೀರನ್ನೆರೆದು, ಆಮೇಲಲ್ಲದೆ ಕೊಡುವಂತಿರಲಿಲ್ಲ. ಕೊಟ್ಟುದನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುವನೆಂಬ ಶಾಪವು ಕೊನೆಗೆ ಕಾವಲು ನಿಲ್ಲುತ್ತಿತ್ತು. ಹೀಗೆ ಕಲ್ಲಿನ ಮೇಲೆ ಹೆಸರು ಮೆರೆದರೂ, ಕೊಡುವ ಗಳಿಗೆಯಲ್ಲಿ ದಾನಿ ಬಗ್ಗಿಯೇ ಇರಬೇಕಾಗಿತ್ತು. ನೆರೆಯ ಬಳ್ಳಿಗಾವೆಯ ಕೋಡಿಯಮಠದಲ್ಲಿ ದತ್ತಿಗಳ ಆದಾಯವು ಯಾರನ್ನು ಮುಟ್ಟಿತೆಂಬುದನ್ನು 1162ರ ಶಾಸನವು ಹೇಳುತ್ತದೆ: ಕುರುಡರು, ಕುಂಟರು, ದೀನರು, ಶೈವರಷ್ಟೇ ಅಲ್ಲದೆ ಜೈನ ಬೌದ್ಧ ಸನ್ಯಾಸಿಗಳೂ ಅಲ್ಲಿ ಅನ್ನವನ್ನು ಪಡೆಯುತ್ತಿದ್ದರು, ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು.

ಅದೇ ಶತಮಾನದಲ್ಲಿಯೇ ಕಲ್ಯಾಣದ ಶರಣರು ದಾನಿಯೆಂಬ ಪದವಿಯನ್ನೇ ಕಿತ್ತುಹಾಕಿದರು. ಪತಿಯು ನಿತ್ಯದ ಅಳತೆಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಕಂಡ ಆಯ್ದಕ್ಕಿ ಲಕ್ಕಮ್ಮ, ಅದರಿಂದ ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದೆಂದು ಹಿಗ್ಗದೆ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಿರುಗಿಸಿದಳು. ಸುವಾರ್ತೆಯಲ್ಲಿ ಬರುವ ಬಡ ವಿಧವೆಯಾದರೋ ದೇವಾಲಯದ ಬೊಕ್ಕಸಕ್ಕೆ ತನ್ನಲ್ಲಿದ್ದ ಎರಡು ಕಾಸನ್ನೂ ಹಾಕಿಬಿಟ್ಟಳು. ಕ್ರಿಸ್ತನು ಧನಿಕರೆಲ್ಲರ ಕಾಣಿಕೆಗಿಂತ ಅದೇ ಹಿರಿದೆಂದನು. ಒಬ್ಬಳು ಮಿಕ್ಕುದನ್ನು ಒಲ್ಲೆನೆಂದಳು, ಇನ್ನೊಬ್ಬಳು ಏನನ್ನೂ ಮಿಗಿಸಲಿಲ್ಲ. ಮೊತ್ತದಿಂದ ಭಕ್ತಿಯನ್ನು ಅಳೆಯುವವರಿಗೆ ಇಬ್ಬರ ನಡೆಯೂ ಲೆಕ್ಕಕ್ಕೆ ಸಿಕ್ಕದು. ಸಿರಿವಂತರು ಕೊಟ್ಟುದು ವ್ಯರ್ಥವೆಂದು ನಾನು ಹೇಳಲಾರೆ, ಅಂಥವರ ದತ್ತಿಯಿಂದ ತಾನೆ ಕೋಡಿಯಮಠದ ಒಲೆ ಉರಿದುದು. ಆದರೆ ಲಕ್ಕಮ್ಮನ ಮುಂದೆ ಆ ಶಾಸನಗಳು ಕೊಂಚ ವಾಚಾಳಿಯೆನಿಸುತ್ತವೆ.

ಶಾಸನಗಳ ದಾನ, ಶರಣರ ದಾಸೋಹ ಎಂಬ ಈ ಎರಡು ಪರಂಪರೆಗಳೂ ಬೆರೆತುದನ್ನು ಜಗಳೂರಿನಲ್ಲಿ ಕಾಣಬಹುದು. ಮಳೆಯನ್ನೇ ನೆಚ್ಚಿಕೊಂಡು ಬರಕ್ಕೆ ಮತ್ತೆ ಮತ್ತೆ ಈಡಾಗುವ ಆ ಬೆದ್ದಲುಸೀಮೆಯಲ್ಲಿಯೇ, 1940ರಲ್ಲಿ ಸಿರಿಗೆರೆಯ ತರಳಬಾಳು ಪೀಠವನ್ನೇರಿದ ಶಿವಕುಮಾರ ಶಿವಾಚಾರ್ಯರು 1950ರಲ್ಲಿ ತರಳಬಾಳು ಹುಣ್ಣಿಮೆಯನ್ನು ಸಾರ್ವಜನಿಕ ಮಹೋತ್ಸವವನ್ನಾಗಿ ಮೊದಲಿಗೆ ನಡೆಸಿದರು. ಮಾಘದ ಆ ಉತ್ಸವವು ಅಂದಿನಿಂದ ಒಂದೊಂದು ವರ್ಷ ಒಂದೊಂದು ಊರಿಗೆ ಹೋಗುತ್ತ ಬಂದಿದೆ. ಬಂದವರಿಗೆಲ್ಲ ದಾಸೋಹ ನಡೆಯುವ ಇಂತಹ ಕೂಟಗಳಲ್ಲಿ ಒಬ್ಬನು ಹಣದ ಹಮ್ಮಿಣಿಯನ್ನು ಗುರುವಿನ ಪಾದದೆದುರು ಇಡುತ್ತಾನೆ, ಇನ್ನೊಬ್ಬನು ಜೋಳದ ಚೀಲವನ್ನು ಇಳಿಸುತ್ತಾನೆ, ಕೈ ಬರಿದಾದವನು ಪಂಕ್ತಿಯಲ್ಲಿ ಬಡಿಸಲು ನಿಲ್ಲುತ್ತಾನೆ. ಭಕ್ತರಿಂದ ಬಂದ ಕಾಣಿಕೆಯನ್ನು ಮಠದಲ್ಲಿ ಕೂಡಿಡದೆ ಆ ಗುರುಗಳು ಹಳ್ಳಿಯ ಮಕ್ಕಳ ಶಾಲೆಗೂ ಉಚಿತ ಪ್ರಸಾದನಿಲಯಕ್ಕೂ ತಿರುಗಿಸಿದರು. ಆ ಕಾರ್ಯವು ಬೆಳೆದು 1962ರಲ್ಲಿ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯಾಯಿತು.