ಸ್ಪಾರ್ಕ್‌ಸ್ಟೇಷನ್: ಸಿ.ಡಿ.ಯಿಂದ ಬೂಟ್ ಮತ್ತು ಅಳವಡಿಕೆ

ಸನ್ ಮೈಕ್ರೋಸಿಸ್ಟಮ್ಸ್ 1989ರಲ್ಲಿ ಮಾರುಕಟ್ಟೆಗೆ ತಂದ ಸ್ಪಾರ್ಕ್‌ಸ್ಟೇಷನ್ ಸಾಲಿನ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳಿಗೆ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕುವ ವಾಡಿಕೆಯ ದಾರಿ ಸಿ.ಡಿ.ಯಿಂದ ಬೂಟ್ ಮಾಡುವುದು. ಪಿ.ಸಿ.ಗಳಿಗೆ ಇದೇ ಸೌಲಭ್ಯವನ್ನು ಕಲ್ಪಿಸಿದ ಎಲ್ ಟೊರಿಟೊ ನಿಯಮಾವಳಿ ಬಂದದ್ದು 1995ರಲ್ಲಿ. ಸನ್ ಯಂತ್ರಗಳು ಅದಕ್ಕೂ ಮೊದಲೇ ಸಿ.ಡಿ.ಯಿಂದ ನೇರವಾಗಿ ಬೂಟ್ ಆಗುತ್ತಿದ್ದವು, ಅದೂ ಬೇರೆಯದೇ ವಿಧಾನದಲ್ಲಿ. ಹಾಗಾಗಿ ಪಿ.ಸಿ.ಯ ಅನುಭವ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ.

ಯಂತ್ರಕ್ಕೆ ವಿದ್ಯುತ್ ಕೊಟ್ಟೊಡನೆ ಮೊದಲು ಓಡುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಓಪನ್‌ಬೂಟ್ ಎಂಬ ತಂತ್ರಾಂಶ. ಇದರ ಕರ್ತೃ ಮಿಚ್ ಬ್ರ್ಯಾಡ್ಲಿ. ಆಧಾರ ಫೋರ್ತ್ ಭಾಷೆ. 1994ರಲ್ಲಿ ಇದೇ ವಿನ್ಯಾಸ ಐ.ಟ್ರಿಪಲ್.ಇ 1275 ಎಂಬ ಮಾನಕವಾಯಿತು. ಪಿ.ಸಿ.ಗಳ ಬಯಾಸ್‌ನಂತೆ ಇಲ್ಲಿ ಆಯ್ಕೆಯ ಪರದೆಗಳಿಲ್ಲ. ಆದೇಶವನ್ನು ಟೈಪ್ ಮಾಡಬೇಕು. ಕೀಲಿಮಣೆಯ ಸ್ಟಾಪ್ ಮತ್ತು ಎ ಕೀಲಿಗಳನ್ನು (ಹಳೆಯ ಕೀಲಿಮಣೆಗಳಲ್ಲಿ ಎಲ್1 ಮತ್ತು ಎ) ಒಟ್ಟಿಗೆ ಒತ್ತಿದರೆ ಓಡುತ್ತಿರುವುದು ನಿಂತು 'ಓಕೆ' ಎಂಬ ಸೂಚಕ ಮೂಡುತ್ತದೆ. ಕೀಲಿಮಣೆ ಜೋಡಿಸದ ಯಂತ್ರವು ತಾನಾಗಿಯೇ ಸೀರಿಯಲ್ ಪೋರ್ಟಿಗೆ ಹೊರಳುತ್ತದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಟರ್ಮಿನಲ್ ಜೋಡಿಸಿ ಬ್ರೇಕ್ ಸಂಕೇತ ಕಳುಹಿಸಿದರೆ ಅಲ್ಲಿಯೂ ಇದೇ ಸೂಚಕ ಸಿಗುತ್ತದೆ.

ಸಿ.ಡಿ. ಡ್ರೈವ್ 50 ಪಿನ್ನಿನ ಸ್ಕಸಿ ಸರಣಿಯಲ್ಲಿ ಕೂರುತ್ತದೆ. ಅದರ ವಿಳಾಸ 6 ಆಗಿರಬೇಕೆಂಬುದು ಸನ್ ಪದ್ಧತಿ. ಬೂಟ್ ಆಗುವ ಹಾರ್ಡ್ ಡಿಸ್ಕ್‌ನ ವಿಳಾಸ 3. ಸರಣಿಯ ಎರಡೂ ತುದಿಗಳಿಗೆ ಟರ್ಮಿನೇಟರ್ ಇರಬೇಕು. 'ಪ್ರೋಬ್-ಸ್ಕಸಿ' ಆದೇಶ ಕೊಟ್ಟಾಗ ಡ್ರೈವ್‌ನ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಮುಂದುವರಿದು ಪ್ರಯೋಜನವಿಲ್ಲ, ಕೇಬಲ್ಲನ್ನೇ ನೋಡಬೇಕು.

ಡ್ರೈವ್ ಪಟ್ಟಿಯಲ್ಲಿ ಕಂಡೂ ಬೂಟ್ ಆಗದಿದ್ದಾಗ ಸಾಮಾನ್ಯವಾಗಿ ಸಂಶಯ ಬೀಳುವುದು ಡಿಸ್ಕಿನ ಮೇಲೆ. ತಪ್ಪು ಬಹುಮಟ್ಟಿಗೆ ಬೇರೆಡೆ ಇರುತ್ತದೆ. ಸಾಮಾನ್ಯ ಸಿ.ಡಿ. ಡ್ರೈವ್ ಮಾಹಿತಿಯನ್ನು 2048 ಬೈಟ್‌ಗಳ ಬ್ಲಾಕ್‌ಗಳಲ್ಲಿ ಕೊಡುತ್ತದೆ. ಹಳೆಯ ಓಪನ್‌ಬೂಟ್ ಸಿ.ಡಿ.ಯನ್ನು ಬರೆಯಲಾಗದ ಹಾರ್ಡ್ ಡಿಸ್ಕ್ ಎಂದೇ ಭಾವಿಸಿ 512 ಬೈಟ್‌ಗಳ ಲೆಕ್ಕದಲ್ಲಿ ಕೇಳುತ್ತದೆ. ಅದು 16ನೆಯ ಬ್ಲಾಕ್ ಕೇಳಿದರೆ ಅದಕ್ಕೆ ಬೇಕಿರುವುದು 8192ನೆಯ ಬೈಟಿನಿಂದ ಮುಂದಿನದು. ಸಾಮಾನ್ಯ ಡ್ರೈವ್ ಕೊಡುವುದು 32768ನೆಯ ಬೈಟಿನಿಂದ. ಕೈಗೆ ಬಂದದ್ದು ಬೂಟ್ ಪ್ರೋಗ್ರಾಂ ಅಲ್ಲವಾದ್ದರಿಂದ ಯಂತ್ರವು ಓದಿದ ಕಡತ ಓಡಿಸತಕ್ಕದ್ದಲ್ಲ ಎಂದು ದೂರಿ ನಿಲ್ಲುತ್ತದೆ. ಡಿಸ್ಕು ಮಾತ್ರ ಸರಿಯಾಗಿಯೇ ಇರುತ್ತದೆ. ಸನ್ ತಾನೇ ಮಾರುತ್ತಿದ್ದ ಡ್ರೈವ್‌ಗಳು 512ರ ಲೆಕ್ಕಕ್ಕೆ ಹೊಂದಿಸಿದವು. ತೋಷಿಬಾ, ಪ್ಲೆಕ್ಸ್‌ಟರ್ ಮೊದಲಾದವರ ಕೆಲವು ಮಾದರಿಗಳಲ್ಲಿ ಇದನ್ನು ಜಂಪರ್‌ನಿಂದ ಬದಲಿಸಬಹುದು. 1998ರ ಅಲ್ಟ್ರಾ 5 ಮತ್ತು ಅಲ್ಟ್ರಾ 10 ಯಂತ್ರಗಳಲ್ಲಿ ಸ್ಕಸಿ ಬದಲು ಐ.ಡಿ.ಇ. ಡ್ರೈವ್ ಬಂದು ಈ ತೊಡಕು ಕಳೆಯಿತು. ಡಿಸ್ಕನ್ನು ಹೊಸದಾಗಿ ಬರೆದುಕೊಳ್ಳುವಾಗ ಪ್ರತಿಬಿಂಬ ಕಡತವನ್ನು ಬೈಟಿಗೆ ಬೈಟ್ ಇಳಿಸಬೇಕು, ಮತ್ತೆ ಮತ್ತೆ ಬರೆಯಬಹುದಾದ ಸಿ.ಡಿ.ಗಳನ್ನು ಆ ಕಾಲದ ಎಷ್ಟೋ ಡ್ರೈವ್‌ಗಳು ಓದುವುದಿಲ್ಲ.

ಓಪನ್‌ಬೂಟ್‌ನ 2ನೆಯ ಆವೃತ್ತಿಯಿಂದೀಚೆಗೆ ಆದೇಶ ಸರಳ: 'ಬೂಟ್ ಸಿಡಿರಾಮ್'. ಮೊದಲ ಸ್ಪಾರ್ಕ್‌ಸ್ಟೇಷನ್‌ನ 1ನೆಯ ಆವೃತ್ತಿಯಲ್ಲಿ 'ಬೂಟ್ ಎಸ್‌ಡಿ(0,6,2)' ಎಂದು ಬರೆಯಬೇಕಿತ್ತು. ಆವರಣದ ಅಂಕಿಗಳು ಅನುಕ್ರಮವಾಗಿ ನಿಯಂತ್ರಕ, ಘಟಕ ಮತ್ತು ವಿಭಾಗವನ್ನು ಸೂಚಿಸುತ್ತವೆ. ವಿಭಾಗದ ಅಂಕಿಗೂ ಅರ್ಥವಿದೆ. ಸನ್ ಡಿಸ್ಕಿನ ಮೊದಲ ಬ್ಲಾಕಿನಲ್ಲಿ ಎ ಇಂದ ಎಚ್‌ವರೆಗಿನ ವಿಭಾಗಗಳ ನಕ್ಷೆ ಇರುತ್ತದೆ, ಒಂದೊಂದು ಯಂತ್ರವರ್ಗದ ಬೂಟ್ ಪ್ರೋಗ್ರಾಂ ಒಂದೊಂದು ವಿಭಾಗದಲ್ಲಿ: ಸನ್4ಸಿ ವರ್ಗಕ್ಕೆ ಸಿ, ಸನ್4ಎಂ ವರ್ಗಕ್ಕೆ ಡಿ, ಅಲ್ಟ್ರಾಸ್ಪಾರ್ಕ್‌ಗಳಿಗೆ ಎಫ್. ಒಂದೇ ಡಿಸ್ಕು ಹಲವು ಬಗೆಯ ಯಂತ್ರಗಳಿಗೆ ಆಗಿಬರುತ್ತಿದ್ದುದು ಈ ಏರ್ಪಾಡಿನಿಂದ.

ಮುಂದಿನ ಹಂತಗಳು ವ್ಯವಸ್ಥೆಗೆ ತಕ್ಕಂತೆ ಬೇರೆಬೇರೆ. ಸನ್‌ಓಎಸ್ 4ರಲ್ಲಿ ಸಿ.ಡಿ.ಯಿಂದ ಮೊದಲು ಪುಟ್ಟ ಯುನಿಕ್ಸ್ ಒಂದು ಮೆಮೊರಿಗೆ ಇಳಿಯುತ್ತದೆ. ಅದು ಹಾರ್ಡ್ ಡಿಸ್ಕನ್ನು ವಿಭಾಗಿಸಿ, ಸ್ವಾಪ್‌ಗೆಂದು ಮೀಸಲಾದ ಜಾಗಕ್ಕೆ ಮಿನಿರೂಟ್ ಎಂಬ ಕಿರು ಕಡತ ವ್ಯವಸ್ಥೆಯನ್ನು ನಕಲು ಮಾಡುತ್ತದೆ. ಯಂತ್ರ ಮತ್ತೆ ಅಲ್ಲಿಂದ ಬೂಟ್ ಆದ ಮೇಲೆಯೇ ನಿಜವಾದ ಅಳವಡಿಕೆ. ಆ ಹೊತ್ತಿಗೆ ಸ್ವಾಪ್ ಜಾಗ ಬೇರಾವುದಕ್ಕೂ ಬೇಕಿಲ್ಲವಾದ್ದರಿಂದ ಇದು ಜಾಣ ಉಪಾಯವೇ. ಸನ್‌ಓಎಸ್ 4ರ ನಂತರ ಬಂದ ಸೋಲಾರಿಸ್‌ನ ಯಾವ ಆವೃತ್ತಿ ಹಿಡಿಸುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು: ಸನ್4ಸಿ ಯಂತ್ರಗಳಿಗೆ ಸೋಲಾರಿಸ್ 7 ಕೊನೆ, ಸನ್4ಎಂ ಯಂತ್ರಗಳಿಗೆ ಸೋಲಾರಿಸ್ 9, ಸೋಲಾರಿಸ್ 10ಕ್ಕೆ 64 ಬಿಟ್‌ನ ಅಲ್ಟ್ರಾಸ್ಪಾರ್ಕ್ ಬೇಕೇ ಬೇಕು. ಹಳೆಯ ಯಂತ್ರಗಳನ್ನು ಇಂದಿಗೂ ನಡೆಸುವವರು ಹೆಚ್ಚಾಗಿ ನೆಟ್‌ಬಿಎಸ್‌ಡಿಯನ್ನು ಆಶ್ರಯಿಸುತ್ತಾರೆ.

ವಯಸ್ಸಾದ ಯಂತ್ರಗಳ ಇನ್ನೊಂದು ಕಾಯಿಲೆ ಎನ್‌ವಿ‌ರ‍್ಯಾಮ್ ಚಿಪ್ಪಿನದು. ಗಡಿಯಾರ, ಬೂಟ್ ಸಂಬಂಧದ ಆಯ್ಕೆಗಳು, ಹೋಸ್ಟ್ ಐಡಿ, ಈಥರ್ನೆಟ್ ವಿಳಾಸ ಎಲ್ಲವೂ ಇದರಲ್ಲೇ. ಲಿಥಿಯಂ ಬ್ಯಾಟರಿ ಚಿಪ್ಪಿನೊಳಗೇ ಅಡಕವಾಗಿರುವುದರಿಂದ ಅದು ಸತ್ತರೆ ಚಿಪ್ಪನ್ನೇ ಬದಲಿಸಬೇಕು, ಇಲ್ಲವೇ ಕೊರೆದು ಹೊರಗಿನಿಂದ ಬ್ಯಾಟರಿ ಜೋಡಿಸಬೇಕು. ಬಳಿಕ ಸನ್‌ಗೆ ಮೀಸಲಾದ 08:00:20ರಿಂದ ಆರಂಭವಾಗುವ ಈಥರ್ನೆಟ್ ವಿಳಾಸವನ್ನು ಫೋರ್ತ್ ಆದೇಶಗಳಿಂದ ಕೈಯಾರೆ ತುಂಬಬೇಕು. ವಾಣಿಜ್ಯ ತಂತ್ರಾಂಶಗಳ ಪರವಾನಗಿ ಹೋಸ್ಟ್ ಐಡಿಗೆ ಅಂಟಿಕೊಂಡಿರುತ್ತಿದ್ದುದರಿಂದ ಹಿಂದಿನ ಅಂಕಿಯನ್ನೇ ಮರಳಿ ಬರೆಯುವುದು ರೂಢಿ.

ಅಳವಡಿಕೆಯ ಡಿಸ್ಕಿಗೆ ಇನ್ನೊಂದು ಉಪಯೋಗವೂ ಇತ್ತು. 'ಬೂಟ್ ಸಿಡಿರಾಮ್ -ಎಸ್' ಎಂದರೆ ಒಬ್ಬನೇ ಬಳಕೆದಾರನ ಸ್ಥಿತಿಯಲ್ಲಿ ಯಂತ್ರ ಏಳುತ್ತದೆ. ಹಾರ್ಡ್ ಡಿಸ್ಕನ್ನು ಮೌಂಟ್ ಮಾಡಿ ಮರೆತ ರೂಟ್ ಗುಪ್ತಪದವನ್ನು ಅಳಿಸಬಹುದು. ಕಳ್ಳನಿಗೂ ಇದು ಅಷ್ಟೇ ಸುಲಭವಾದ್ದರಿಂದ ಓಪನ್‌ಬೂಟ್‌ಗೇ ಗುಪ್ತಪದ ಹಾಕುವ ಏರ್ಪಾಡನ್ನು ಸನ್ ಇರಿಸಿತು. ಅದರ ಪೂರ್ಣ ಭದ್ರತೆಯ ಸ್ಥಿತಿಯಲ್ಲಿ ಗುಪ್ತಪದವಿಲ್ಲದೆ ಹಾರ್ಡ್ ಡಿಸ್ಕಿನಿಂದಲೂ ಬೂಟ್ ಆಗದು, ಆ ಗುಪ್ತಪದವನ್ನೂ ಮರೆತರೆ ಎನ್‌ವಿ‌ರ‍್ಯಾಮ್ ಚಿಪ್ಪನ್ನು ಬದಲಿಸುವುದಷ್ಟೇ ಉಳಿಯುತ್ತದೆ.