ಅಸ್ತ್ರ ಮಣ್ಣಿಟ್ಟಿಗೆ ಕಟ್ಟಡ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಸ್ಥಾಪಿತವಾಗಿ, ಮುಂದೆ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ನಾಮಾಂತರವನ್ನು ಪಡೆದ ‘ಅಸ್ತ್ರ’ ವಿಭಾಗದಲ್ಲಿ, ಕೆ. ಎಸ್. ಜಗದೀಶ್ ಮೊದಲಾದವರ ಸಂಶೋಧನೆಯ ಫಲವಾಗಿ ರೂಪುಗೊಂಡ ನಿರ್ಮಾಣಪದ್ಧತಿ. ಮಣ್ಣು ಮರಳುಗಳಿಗೆ ಶೇಕಡಾ 7ರಷ್ಟು ಸಿಮೆಂಟನ್ನು ಬೆರೆಸಿ, ಮಿತವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿ ತೆಗೆದ ಇಟ್ಟಿಗೆಯನ್ನು ಗೂಡಿನಲ್ಲಿ ಸುಡದೆ, 3-4 ವಾರ ನೀರುಣಿಸಿ ಗಟ್ಟಿಗೊಳಿಸುವುದರಿಂದ ಸೌದೆ ಕಲ್ಲಿದ್ದಲುಗಳ ವ್ಯಯವು ತಪ್ಪುವುದು; ಇದೇ ಇದರ ಪ್ರಧಾನ ಗುಣ, ಚೆಲುವು ಆನುಷಂಗಿಕ. ಸಂಸ್ಥೆಯ ಆವರಣದಲ್ಲಿಯೂ ಇಂತಹ ಕಟ್ಟಡಗಳುಂಟು. ಜೇಡಿ ಹೆಚ್ಚಾದ ಎರೆಮಣ್ಣು ಈ ಇಟ್ಟಿಗೆಗೆ ಹಾಗೆಯೇ ಒದಗದು, ಅದಕ್ಕೆ ಸುಣ್ಣ ಬೇಕು. ಆಂಧ್ರಪ್ರದೇಶದ ಗೋರಂಟ್ಲ, ಹಿಂದೂಪುರ ಸೀಮೆಯ ಕೆಮ್ಮಣ್ಣಾದರೋ, ಮರಳಿನ ಪ್ರಮಾಣವನ್ನು ನೋಡಿಕೊಂಡರೆ, ಈ ಕಾರ್ಯಕ್ಕೆ ಒಗ್ಗತಕ್ಕದ್ದು.